ಕೈಕೆಲಸದ ಶುಭಾಶಯ ಪತ್ರ: ಮಲೆನಾಡಿನ ತೇವ ಮತ್ತು ಲಾಭದ ಲೆಕ್ಕ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನಲ್ಲಿ ವರ್ಷದ ದುಡಿಮೆಯನ್ನು ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಎರಡು: ಮಳೆ ಮತ್ತು ಕಾಫಿ ಕೊಯ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಆರಂಭವಾಗಿ, ಅದರ ಬೆನ್ನಿಗೇ ರೋಬಸ್ಟಾ ಬಂದು, ಫೆಬ್ರವರಿ-ಮಾರ್ಚ್‌ವರೆಗೆ ತೋಟಗಳಲ್ಲಿ ಕೈಗಳಿಗೆ ಬಿಡುವಿರುವುದಿಲ್ಲ. ಇಂತಹ ಪ್ರದೇಶದಲ್ಲಿ ಮನೆಯಲ್ಲೇ ಕುಳಿತು ಮಾಡಬಹುದಾದ ಉಪಕಸುಬುಗಳ ಮಾತು ಬಂದಾಗಲೆಲ್ಲ ಕೈಯಿಂದ ತಯಾರಿಸುವ ಶುಭಾಶಯ ಪತ್ರಗಳ ಹೆಸರು ಕೇಳಿಬರುತ್ತದೆ. ಬಂಡವಾಳ ಅಲ್ಪ, ಯಂತ್ರ ಚಿಕ್ಕದು, ಕಲಿಕೆ ಸುಲಭ ಎಂಬುದು ಅದಕ್ಕೆ ಕೊಡುವ ಕಾರಣ. ಈ ಮೂರೂ ನಿಜವೇ. ಆದರೆ ಈ ಉದ್ಯಮದ ಲಾಭ-ನಷ್ಟ ತೀರ್ಮಾನವಾಗುವುದು ಈ ಮೂರರಿಂದಲ್ಲ. ಯಾವ ತಿಂಗಳಲ್ಲಿ ಯಾವ ಕೆಲಸ ಮಾಡಲಾಗುತ್ತದೆ ಎಂಬುದರಿಂದ.

ಶುಭಾಶಯ ಪತ್ರಗಳಿಗೆ ಬೇಡಿಕೆ ಹೆಚ್ಚುವುದು ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ ಮತ್ತು ಸಂಕ್ರಾಂತಿಯ ಸಮಯದಲ್ಲಿ. ಮಲೆನಾಡಿನ ಕೈಗಳೆಲ್ಲ ಕಾಫಿ ಗಿಡದ ಮೇಲಿರುವ ಕಾಲವೂ ಅದೇ. ಹಾಗಾದರೆ ಬಿಡುವಿನ ಮಳೆಗಾಲದಲ್ಲೇ ಪತ್ರಗಳನ್ನು ತಯಾರಿಸಿಟ್ಟರಾಯಿತು ಎಂದು ತೋರುವುದು ಸಹಜ. ತೊಡಕಿರುವುದು ಅಲ್ಲಿಯೇ. ಕಾಗದಕ್ಕೆ ಮಳೆಗಾಲದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಮಾರುಕಟ್ಟೆ ಬದಲಾದ ಬಗೆ

ವಾಣಿಜ್ಯ ಉದ್ದೇಶದ ಮೊದಲ ಕ್ರಿಸ್‌ಮಸ್ ಪತ್ರ ಎಂದು ಹೆಸರಾಗಿರುವುದು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿ ಅವರಿಂದ ಬರೆಸಿದ ಪತ್ರ. ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿ, ಒಂದು ಶಿಲಿಂಗ್ ಬೆಲೆಗೆ ಅದನ್ನು ಮಾರಲಾಯಿತು. ಭಾರತದಲ್ಲಿ 1979ರಲ್ಲಿ ಆರಂಭವಾದ ಆರ್ಚೀಸ್ ಸಂಸ್ಥೆ ಪಟ್ಟಣ ಪಟ್ಟಣಗಳಲ್ಲೂ ಶುಭಾಶಯ ಪತ್ರಗಳ ಮಳಿಗೆಯನ್ನು ಪರಿಚಯಿಸಿತು. ಅದೇ ವರ್ಷ ಸ್ಥಾಪನೆಯಾದ ಕ್ರೈ ಸಂಸ್ಥೆ ಮಕ್ಕಳ ಕಲ್ಯಾಣಕ್ಕೆ ನಿಧಿ ಕೂಡಿಸಲು ಪತ್ರಗಳ ಮಾರಾಟವನ್ನೇ ಬಳಸಿಕೊಂಡಿತು. ಡಿಸೆಂಬರ್ ಬಂದರೆ ಸ್ಟೇಷನರಿ ಅಂಗಡಿಗಳ ಮುಂದೆ ದಾರ ಕಟ್ಟಿ ಪತ್ರಗಳನ್ನು ತೂಗುಹಾಕುತ್ತಿದ್ದ ದೃಶ್ಯ ಹಳೆಯ ವರ್ತಕರಿಗೆ ಮರೆತಿರಲಾರದು.

ಮೊಬೈಲ್ ಸಂದೇಶಗಳು ಬಂದ ಮೇಲೆ ಅಗ್ಗದ ಮುದ್ರಿತ ಪತ್ರಗಳ ವ್ಯಾಪಾರ ಕುಸಿಯಿತು. ಕೈಯಿಂದ ಮಾಡಿದ ಪತ್ರ ಮಾತ್ರ ಬೇರೊಂದು ಸ್ಥಾನ ಪಡೆದಿದೆ. ಅದನ್ನು ಕೊಳ್ಳುವವರು ಶುಭಾಶಯ ತಿಳಿಸುವುದಕ್ಕಾಗಿ ಕೊಳ್ಳುವುದಿಲ್ಲ. ಉಡುಗೊರೆಯ ಭಾಗವಾಗಿ ಕೊಳ್ಳುತ್ತಾರೆ. ಸಕಲೇಶಪುರದ ಸುತ್ತಲಿನ ಹೋಂಸ್ಟೇಗಳು, ಕಾಫಿ ಪುಡಿ ಮತ್ತು ಸಾಂಬಾರ ಪದಾರ್ಥಗಳ ಉಡುಗೊರೆ ಪೊಟ್ಟಣ ಕಟ್ಟುವವರು, ಮದುವೆ ಮನೆಗಳು, ಬೆಂಗಳೂರು-ಮಂಗಳೂರುಗಳ ಕರಕುಶಲ ಮಳಿಗೆಗಳು ಇಂದು ಗಮನಿಸಬೇಕಾದ ಗಿರಾಕಿಗಳು. ರಾಷ್ಟ್ರೀಯ ಹೆದ್ದಾರಿ 75 ಎರಡೂ ನಗರಗಳಿಗೆ ಈ ಪ್ರದೇಶವನ್ನು ಜೋಡಿಸಿರುವುದು ಒಂದು ಅನುಕೂಲ.

ವಿನ್ಯಾಸಕ್ಕೂ ಇಲ್ಲಿ ಬರವಿಲ್ಲ. ಟಿಪ್ಪು ಸುಲ್ತಾನನ ಕಾಲದ ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರಾಕಾರ ಹಾಗೆಯೇ ಡೈ ಆಗಬಲ್ಲ ಆಕೃತಿ. ಕಾಫಿ ಹೂವಿನ ಗೊಂಚಲು, ಏಲಕ್ಕಿಯ ಎಲೆ, 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು-ಹಳೇಬೀಡು ದೇಗುಲಗಳ ಬಳ್ಳಿಯ ಕೆತ್ತನೆ ಉಬ್ಬಚ್ಚಿಗೆ ಒಪ್ಪುವಂಥವು. ಸಿವಕಾಶಿಯಿಂದ ಬರುವ ಮುದ್ರಿತ ಪತ್ರದೊಡನೆ ಬೆಲೆಯಲ್ಲಿ ಸ್ಪರ್ಧಿಸಲಾಗದವರು ಇಂತಹ ಸ್ಥಳೀಯ ಗುರುತಿನಿಂದಲೇ ನಿಲ್ಲಬೇಕು.

ಉಬ್ಬಚ್ಚು ಮತ್ತು ಡೈ ಕಟಿಂಗ್

ಕಾಗದದ ಮೇಲೆ ಆಕೃತಿಯನ್ನು ಉಬ್ಬಿಸುವ ಕೆಲಸಕ್ಕೆ ಉಬ್ಬಚ್ಚು ಅಥವಾ ಎಂಬಾಸಿಂಗ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಒಣ ಎಂಬಾಸಿಂಗ್‌ನಲ್ಲಿ ಕಾಗದವನ್ನು ಹಿತ್ತಾಳೆಯ ಕೊರೆಯಚ್ಚಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಗುಂಡು ತುದಿಯ ಕಡ್ಡಿಯಿಂದ ಅಂಚುಗಳನ್ನು ಒತ್ತಲಾಗುತ್ತದೆ. ಇಲ್ಲವೇ ಗಂಡು-ಹೆಣ್ಣು ಅಚ್ಚುಗಳ ನಡುವೆ ಇರಿಸಿ ಯಂತ್ರದಲ್ಲಿ ಒತ್ತಲಾಗುತ್ತದೆ. ಬಿಸಿ ಎಂಬಾಸಿಂಗ್‌ನಲ್ಲಿ ನಿಧಾನವಾಗಿ ಒಣಗುವ ಶಾಯಿಯಿಂದ ಮುದ್ರೆಯೊತ್ತಿ, ಅದು ಹಸಿಯಿರುವಾಗಲೇ ಅಂಟುರಾಳದ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಹೀಟ್ ಗನ್‌ನಿಂದ ಕರಗಿಸಲಾಗುತ್ತದೆ. ಕರಗಿದ ಪುಡಿ ಆರಿದಾಗ ಹೊಳೆಯುವ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಕೂದಲು ಒಣಗಿಸುವ ಯಂತ್ರ ಈ ಕೆಲಸಕ್ಕೆ ಒದಗುವುದಿಲ್ಲ. ಶಾಖ ಸಾಲದು, ಗಾಳಿಗೆ ಪುಡಿ ಹಾರಿಹೋಗುತ್ತದೆ.

ಡೈ ಕಟಿಂಗ್ ಎಂದರೆ ಉಕ್ಕಿನ ಅಚ್ಚಿನಿಂದ ಕಾಗದವನ್ನು ಆಕೃತಿಗೆ ತಕ್ಕಂತೆ ಕತ್ತರಿಸುವುದು. ಮನೆಮಟ್ಟದಲ್ಲಿ ಎರಡು ಉರುಳೆಗಳ ಕೈಯಂತ್ರ ಸಾಕು. ಡೈ ಮತ್ತು ಕಾಗದವನ್ನು ಹಲಗೆಗಳ ನಡುವೆ ಇರಿಸಿ ಹಿಡಿ ತಿರುಗಿಸಿದರೆ ಒಂದೇ ಒತ್ತಿಗೆ ಆಕೃತಿ ಬಿಡಿಯಾಗುತ್ತದೆ. ಸಂಖ್ಯೆ ಹೆಚ್ಚಿದರೆ ಮುದ್ರಣಾಲಯದ ನೆರವು ಬೇಕು. ಅಚ್ಚುಮೊಳೆಯ ಕಾಲ ಮುಗಿದರೂ ರಾಜ್ಯದ ಅನೇಕ ಪಟ್ಟಣಗಳಲ್ಲಿ ಹಳೆಯ ಟ್ರೆಡಲ್ ಯಂತ್ರಗಳು ಉಳಿದಿರುವುದು ಪಂಚಿಂಗ್, ಕ್ರೀಸಿಂಗ್, ನಂಬರಿಂಗ್ ಕೆಲಸಗಳಿಂದಾಗಿಯೇ. ಪ್ಲೈವುಡ್ಡಿನ ಗಾಡಿಯಲ್ಲಿ ಬಾಗಿಸಿ ಕೂರಿಸಿದ ಉಕ್ಕಿನ ಪಟ್ಟಿಯ ಡೈ ಅಂತಹ ಯಂತ್ರಕ್ಕೆ ಒಗ್ಗುತ್ತದೆ. ಸ್ವಂತ ಯಂತ್ರ ಕೊಳ್ಳುವ ಮೊದಲು ಹತ್ತಿರದ ಮುದ್ರಣಾಲಯದ ಜಾಬ್ ವರ್ಕ್ ದರವನ್ನು ವಿಚಾರಿಸುವುದು ವಿವೇಕ.

ಕಾಗದದ ಆಯ್ಕೆ ಇನ್ನೊಂದು ಮುಖ್ಯ ಅಂಶ. ಪತ್ರದ ಬುಡಕ್ಕೆ 250ರಿಂದ 300 ಜಿ.ಎಸ್.ಎಂ. ದಪ್ಪ ಸಾಮಾನ್ಯ. ಒಂದು ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಿಸಿದರೆ ಎ6 ಅಳತೆಯ ಎರಡು ಪತ್ರಗಳು ಸಿಗುತ್ತವೆ. ಕಾರ್ಖಾನೆಯ ಕಾಗದಕ್ಕೆ ನಾರಿನ ದಿಕ್ಕುಂಟು. ಆ ದಿಕ್ಕಿಗೆ ಅಡ್ಡವಾಗಿ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಜೈಪುರದ ಬಳಿಯ ಸಾಂಗಾನೇರ್‌ನಲ್ಲಿ ಕಾಗಜಿ ಕುಟುಂಬಗಳು ಹತ್ತಿಬಟ್ಟೆಯ ಚೂರುಗಳಿಂದ ತಯಾರಿಸುವ ಕೈಕಾಗದದಂಥವುಗಳಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ಈ ತೊಂದರೆ ಕಡಿಮೆ, ಉಬ್ಬೂ ಆಳವಾಗಿ ಬರುತ್ತದೆ. ಗ್ರಾಮೋದ್ಯೋಗಗಳ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಅವರ ಹೆಸರಿನ ರಾಷ್ಟ್ರೀಯ ಕೈಕಾಗದ ಸಂಸ್ಥೆ ಇರುವುದೂ ಸಾಂಗಾನೇರ್‌ನಲ್ಲಿಯೇ. ಆದರೆ ಕೈಕಾಗದ ತೇವವನ್ನು ಬೇಗ ಹೀರುತ್ತದೆ.

ತೇವ ತರುವ ನಷ್ಟ

ಕಾಗದದ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿರುವ ವಾತಾವರಣ 23 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಮತ್ತು ಶೇ. 50 ಸಾಪೇಕ್ಷ ಆರ್ದ್ರತೆ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷದ ಮಳೆ 2,000 ಮಿಲಿಮೀಟರ್ ಮೀರುವುದು ಸಾಮಾನ್ಯ. ಪೂರ್ವಕ್ಕೆ, ಆಲೂರಿನತ್ತ ಬಂದಂತೆ ಮಳೆ ಇಳಿದರೂ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯ ಪಸೆ ಆರುವುದಿಲ್ಲ. ತೇವ ಹೀರಿದ ಹಾಳೆ ಉಬ್ಬಚ್ಚಿಗೆ ಸುಲಭವಾಗಿ ಬಾಗುತ್ತದೆ, ಆದರೆ ಮುಂದೆ ಒಣಗುವಾಗ ಉಬ್ಬು ಕುಗ್ಗುತ್ತದೆ. ಡೈ ಅಂಚಿನಲ್ಲಿ ಕಾಗದ ತುಂಡಾಗದೆ ಹರಿಯುತ್ತದೆ. ಬಿಸಿ ಎಂಬಾಸಿಂಗ್‌ನಲ್ಲಿ ಶಾಯಿಯಿಲ್ಲದ ಜಾಗಕ್ಕೂ ಪುಡಿ ಅಂಟಿ ಕಲೆಯಾಗುತ್ತದೆ. ಅಂಟು ಒಣಗದೆ ಪತ್ರ ಡೊಂಕಾಗುತ್ತದೆ. ಮುಗಿಸಿಟ್ಟ ಸರಕಿಗೂ ಬೂಷ್ಟು ಹಿಡಿಯಬಹುದು.

ಈ ನಷ್ಟವನ್ನು ಅಂಕಿಗಳಲ್ಲಿ ಕಾಣುವುದು ಒಳ್ಳೆಯದು. ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಪ್ರತಿಯೊಬ್ಬ ತಯಾರಕರೂ ತಮ್ಮ ದರಗಳನ್ನು ಹಾಕಿ ನೋಡಬೇಕು.

ಒಂದು ಪತ್ರಕ್ಕೆ ಕಾಗದ, ಲಕೋಟೆ, ಪುಡಿ, ಶಾಯಿ, ಅಂಟು, ಪೊಟ್ಟಣ ಸೇರಿ ರೂ. 15 ಎಂದಿರಲಿ. ಕೆಲಸದ ಸಮಯ 12 ನಿಮಿಷ, ಗಂಟೆಗೆ ರೂ. 60ರಂತೆ ಕೂಲಿ ರೂ. 12. ಒಟ್ಟು ರೂ. 27. ಮನೆಯವರೇ ಮಾಡುವ ಕೆಲಸವಾದರೂ ಈ ಕೂಲಿಯನ್ನು ಲೆಕ್ಕದಿಂದ ಬಿಡಬಾರದು. ಬೇಸಿಗೆಯಲ್ಲಿ ನೂರಕ್ಕೆ 8 ಪತ್ರ ಕೆಟ್ಟರೆ ಮಾರಲು ಯೋಗ್ಯವಾದ ಪತ್ರದ ವೆಚ್ಚ ರೂ. 29.35. ಮಳೆಗಾಲದಲ್ಲಿ ನೂರಕ್ಕೆ 20 ಕೆಟ್ಟರೆ ಅದು ರೂ. 33.75.

ಬೇಸಿಗೆಯಲ್ಲೇ ಮಾಡಿಟ್ಟರೆ ಹಣ ನವೆಂಬರ್‌ವರೆಗೆ ಸರಕಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಆಕ್ಷೇಪ ಬರಬಹುದು. ವರ್ಷಕ್ಕೆ ಶೇ. 12ರಂತೆ ಆರು ತಿಂಗಳ ಬಡ್ಡಿ ಪತ್ರವೊಂದಕ್ಕೆ ರೂ. 1.76. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್‌ಗಳಿಗೆ 50 ಪೈಸೆ. ಒಟ್ಟು ವೆಚ್ಚ ರೂ. 31.61. ಮಳೆಗಾಲದ ಸರಕಿಗೂ ಸ್ವಲ್ಪ ಬಡ್ಡಿ ಉಂಟು. ಅದನ್ನು ಸೇರಿಸದೆಯೂ ಪತ್ರಕ್ಕೆ ರೂ. 2.14ರ ಉಳಿತಾಯ. 2,000 ಪತ್ರಗಳಿಗೆ ಇದು ರೂ. 4,280. ಅಂದರೆ ಈ ಲೆಕ್ಕದಲ್ಲಿ ತೇವಕ್ಕಿಂತ ಬಡ್ಡಿಯೇ ಅಗ್ಗ. ಮಳೆಗಾಲದಲ್ಲೂ ಕೆಡುವ ಪ್ರಮಾಣವನ್ನು ಶೇ. 14ರೊಳಗೆ ಹಿಡಿಯಬಲ್ಲವರಿಗೆ ಮಾತ್ರ ಈ ತೀರ್ಮಾನ ತಿರುಗುಮುರುಗಾಗುತ್ತದೆ. ಆದ್ದರಿಂದ ಕೆಟ್ಟ ಪತ್ರಗಳನ್ನು ಒಲೆಗೆ ಹಾಕುವ ಮುನ್ನ ಎಣಿಸಿ, ತಿಂಗಳುವಾರು ಬರೆದಿಡುವುದು ಮೊದಲ ಕೆಲಸ.

ತಿಂಗಳುಗಳ ಹಂಚಿಕೆ

ರೋಬಸ್ಟಾ ಮತ್ತು ಕಾಳುಮೆಣಸಿನ ಕೊಯ್ಲು ಮುಗಿದ ಏಪ್ರಿಲ್-ಮೇ ತಿಂಗಳುಗಳು ಕತ್ತರಿಸುವುದು, ಮಡಿಕೆ ಗೆರೆ ಹಾಕುವುದು, ಉಬ್ಬಿಸುವುದು ಈ ಮೂರಕ್ಕೂ ಯೋಗ್ಯ. ಉಬ್ಬಿಸಿದ ಹಾಳೆಗಳ ಮೇಲೆ ಭಾರ ಹೇರಬಾರದು. ನಡುವೆ ಬಟರ್ ಪೇಪರ್ ಇರಿಸಿ ಡಬ್ಬಿಗೆ ಸೇರಿಸಬೇಕು. ಡಬ್ಬಿಯೊಳಗೆ ಆರ್ದ್ರತಾ ಮಾಪಕವೊಂದನ್ನು ಇಟ್ಟರೆ ಊಹೆಗೆ ಅವಕಾಶವಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾದರಿ ತಯಾರಿಕೆ, ಮಳಿಗೆಗಳ ಭೇಟಿ, ಮುಂಗಡ ಬೇಡಿಕೆಯ ಸಂಗ್ರಹ. ಮಳೆ ಹಿಂದೆಗೆಯುವ ಅಕ್ಟೋಬರ್‌ನಲ್ಲಿ ಅಂಟಿಸಿ ಜೋಡಿಸುವುದು, ಪೊಟ್ಟಣ ಕಟ್ಟುವುದು, ರವಾನೆ. ದೀಪಾವಳಿಯ ಸರಕನ್ನು ಈ ಸಾಲಿನಲ್ಲಿ ಮೊದಲು ಮುಗಿಸಬೇಕು. ಕಾಫಿ ಕೊಯ್ಲು ಬಿರುಸಾಗುವ ಹೊತ್ತಿಗೆ ಸರಕು ಮನೆಯಲ್ಲಿ ಉಳಿದಿರಬಾರದು.

ಮಾರಾಟದ ಷರತ್ತೇ ಮುಖ್ಯ

ಇನ್ನು ಡೈ ವೆಚ್ಚ. ಡೈ ಮತ್ತು ಅಚ್ಚುಗಳಿಗೆ ರೂ. 6,000 ತೊಡಗಿಸಿ 1,000 ಪತ್ರ ಮಾಡಿದರೆ ಪತ್ರಕ್ಕೆ ರೂ. 6, 200 ಮಾತ್ರ ಮಾಡಿದರೆ ರೂ. 30. ಹೊಸಬರು ಹತ್ತು ವಿನ್ಯಾಸಗಳ ಆಸೆಗೆ ಬಿದ್ದು ಕೈಸುಟ್ಟುಕೊಳ್ಳುವುದು ಇಲ್ಲಿಯೇ. ಒಂದೇ ಡೈಯನ್ನು ಬಣ್ಣ, ಕಾಗದ, ಒಕ್ಕಣೆ ಬದಲಿಸಿ ಹಲವು ಪತ್ರಗಳಿಗೆ ಬಳಸುವುದು ಲೇಸು.

ರೂ. 31.61ಕ್ಕೆ ಡೈ ವೆಚ್ಚ ರೂ. 6, ವಿದ್ಯುತ್ತು, ಓಡಾಟ, ಮಾದರಿಗಳಿಗೆ ರೂ. 7 ಸೇರಿಸಿದರೆ ರೂ. 44.61. ಮಳಿಗೆಯಲ್ಲಿ ರೂ. 100ಕ್ಕೆ ಮಾರುವ ಪತ್ರಕ್ಕೆ ಅಂಗಡಿಯವರ ಪಾಲು ಶೇ. 40 ಹೋದರೆ ತಯಾರಕರಿಗೆ ರೂ. 60, ಉಳಿಕೆ ರೂ. 15.39. ನೋಡಲು ಚೆನ್ನಾಗಿದೆ. ಆದರೆ ಮಾರಿದಷ್ಟಕ್ಕೆ ಹಣ, ಉಳಿದದ್ದು ವಾಪಸ್ಸು ಎಂಬ ಕನ್ಸೈನ್‌ಮೆಂಟ್ ಕರಾರಿನಲ್ಲಿ ನೂರರಲ್ಲಿ 25 ಮರಳಿ ಬಂದು ಮುಂದೆ ಮಾರಾಟಕ್ಕೆ ಒದಗದಿದ್ದರೆ ಬರುವುದು ರೂ. 4,500, ಆದ ವೆಚ್ಚ ರೂ. 4,461. ನೂರು ಪತ್ರಗಳ ದುಡಿಮೆಗೆ ಉಳಿಯುವುದು ರೂ. 39. ಆದ್ದರಿಂದ ಶೇ. 40 ಬಿಟ್ಟುಕೊಡುವ ಬದಲು, ವಾಪಸ್ಸಿಲ್ಲದ ನೇರ ಮಾರಾಟಕ್ಕೆ ಶೇ. 45 ಕೊಡುವುದೂ ಮೇಲು. ಆಗ ಪತ್ರಕ್ಕೆ ರೂ. 10.39 ಖಚಿತವಾಗಿ ಉಳಿಯುತ್ತದೆ.

ಕಾನೂನಿನ ಕಡೆಯಿಂದಲೂ ನೇರ ಮಾರಾಟವೇ ಭದ್ರ. ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ತಯಾರಕರಿಗೆ 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕನ್ಸೈನ್‌ಮೆಂಟ್ ಸರಕು ಮಾರಾಟವಾಗುವ ತನಕ ಬಾಕಿಯೇ ಹುಟ್ಟದಿರುವುದರಿಂದ ಈ ರಕ್ಷಣೆ ಅಲ್ಲಿ ನೆರವಿಗೆ ಬಾರದು.

ಸರಕು ಮಾತ್ರ ಪೂರೈಸುವವರಿಗೆ ಕರ್ನಾಟಕದಲ್ಲಿ ಜಿ.ಎಸ್.ಟಿ. ನೋಂದಣಿಯ ವಾರ್ಷಿಕ ವಹಿವಾಟಿನ ಮಿತಿ 2019ರ ಏಪ್ರಿಲ್ 1ರಿಂದ ರೂ. 40 ಲಕ್ಷ. 2023ರ ಅಕ್ಟೋಬರ್ 1ರಿಂದ ಈ ಮಿತಿಯೊಳಗಿನ ಸಣ್ಣ ಮಾರಾಟಗಾರರು ನಿಗದಿತ ಷರತ್ತುಗಳಿಗೆ ಒಳಪಟ್ಟು, ರಾಜ್ಯದೊಳಗೆ ಇ-ಕಾಮರ್ಸ್ ಮೂಲಕವೂ ಮಾರಬಹುದು. ಹೊರ ರಾಜ್ಯಕ್ಕೆ ಸರಕು ಕಳುಹಿಸುವವರು ಮೊದಲೇ ಸಲಹೆ ಪಡೆಯುವುದು ಒಳಿತು. ಮಂಗಳೂರಿಗೆ ಕಳುಹಿಸುವುದಕ್ಕೂ ಅದರಾಚೆಯ ಕಾಸರಗೋಡಿಗೆ ಕಳುಹಿಸುವುದಕ್ಕೂ ನಿಯಮದಲ್ಲಿ ವ್ಯತ್ಯಾಸವುಂಟು.

ಶುಭಾಶಯ ಪತ್ರದ ಕಸುಬು ಯಾರನ್ನೂ ಒಂದೇ ಹಂಗಾಮಿನಲ್ಲಿ ಶ್ರೀಮಂತಗೊಳಿಸುವುದಿಲ್ಲ. ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಬಿಡುವನ್ನು ನವೆಂಬರ್‌ನ ಆದಾಯವಾಗಿ ಪರಿವರ್ತಿಸುವ ಶಕ್ತಿ ಮಾತ್ರ ಅದಕ್ಕುಂಟು. ಅದಕ್ಕೆ ಬೇಕಾದದ್ದು ಒಂದೆರಡು ಡೈ, ಒಣಗಿದ ಡಬ್ಬಿಗಳು, ಕೆಟ್ಟ ಪತ್ರಗಳನ್ನೂ ಬರೆದಿಡುವ ಒಂದು ಪುಸ್ತಕ, ವಾಪಸ್ಸಿಲ್ಲದ ಕರಾರು. ಈ ವರ್ಷ ಆರಂಭಿಸಬೇಕೆನ್ನುವವರು 200 ಪತ್ರಗಳ ಒಂದು ಪ್ರಯೋಗವನ್ನು, ಸ್ವಂತ ಡೈ ಮಾಡಿಸದೆ ಸಿದ್ಧ ಅಚ್ಚುಗಳಿಂದಲೇ ನಡೆಸಿ, ತಮ್ಮದೇ ಅಂಕಿಗಳನ್ನು ಕಂಡುಕೊಂಡ ಬಳಿಕ ಮುಂದಿನ ಹೆಜ್ಜೆ ಇಡಬಹುದು.