ಕಾಶಾನಿನ ಹೊನ್ನಹೊಳಪಿನ ಹೆಂಚುಗಳು

ಇರಾನಿನ ಕಾಶಾನ್ ಪಟ್ಟಣದ ಕುಂಬಾರರು 12ನೇ ಶತಮಾನದ ಕೊನೆಯಿಂದ ಸುಮಾರು 1340ರವರೆಗೆ ಮಾಡಿದ ಗೋಡೆಹೆಂಚುಗಳು ಚಿನ್ನದ ನೀರು ಹಾಯಿಸಿದಂತೆ ಹೊಳೆಯುತ್ತವೆ. ಆ ಹೊಳಪಿಗೆ ಕಾರಣ ಚಿನ್ನವಲ್ಲ. ಬೆಳ್ಳಿ, ತಾಮ್ರ ಮತ್ತು ಆವಿಗೆಯ ಹೊಗೆ.

ಹತ್ತು ಪಾಲು ಬೆಣಚುಕಲ್ಲಿನ ಪುಡಿಗೆ ಗಾಜಿನ ಪುಡಿ ಮತ್ತು ಬಿಳಿ ಜೇಡಿಮಣ್ಣು ಒಂದೊಂದು ಪಾಲು ಬೆರೆಸಿ ಹೆಂಚು ತಟ್ಟುತ್ತಿದ್ದರು. ಈ ಲೆಕ್ಕವನ್ನು 1301ರಲ್ಲಿ ಬರೆದಿಟ್ಟವನು ಅಬುಲ್ ಕಾಸಿಂ. ಕಾಶಾನಿನ ಹೆಸರಾಂತ ಅಬೂ ತಾಹಿರ್ ಕುಂಬಾರ ಮನೆತನದಲ್ಲಿ ಹುಟ್ಟಿ, ಮಂಗೋಲ್ ಆಸ್ಥಾನದಲ್ಲಿ ಇತಿಹಾಸಕಾರನಾದ ಇವನು ಬರೆಯದಿದ್ದರೆ ಕಸುಬಿನ ಎಷ್ಟೋ ಗುಟ್ಟುಗಳು ಮನೆತನದೊಂದಿಗೇ ಮುಗಿದುಹೋಗುತ್ತಿದ್ದವು.

ತವರದ ಆಕ್ಸೈಡ್ ಬೆರೆತ ಬಿಳಿ ಗಾಜುಲೇಪ ಕೊಟ್ಟು ಹೆಂಚನ್ನು ಮೊದಲು ಸುಡಬೇಕು. ಆರಿದ ಮೇಲೆ ಬೆಳ್ಳಿ, ತಾಮ್ರ, ಗಂಧಕಗಳನ್ನು ನುಣ್ಣಗೆ ಅರೆದು, ದ್ರಾಕ್ಷಿರಸ ಅಥವಾ ವಿನೆಗರ್‌ನಲ್ಲಿ ಕಲಸಿ ಚಿತ್ರ ಬರೆಯಬೇಕು. ಹಿನ್ನೆಲೆಯನ್ನೇ ಬಳಿದು ಎಲೆ, ಮೊಲ, ಮನುಷ್ಯರ ಆಕೃತಿಗಳನ್ನು ಬಿಳಿಯಾಗಿ ಉಳಿಸುವುದೂ, ಹಸಿ ಬಣ್ಣವನ್ನು ಗೀರಿ ಸಣ್ಣ ಸುರುಳಿಗಳನ್ನು ತೆಗೆಯುವುದೂ ಕಾಶಾನಿನ ಕೈಚಳಕ.

ನಿಜವಾದ ಪರೀಕ್ಷೆ ಎರಡನೆಯ ಸುಡುವಿಕೆಯದು. ಮೊದಲಿಗಿಂತ ಕಡಿಮೆ ಶಾಖದಲ್ಲಿ, ಗಾಳಿ ತಡೆದು, ತೆಳು ಹೊಗೆಯಲ್ಲಿ 72 ಗಂಟೆ ಸುಡಬೇಕೆಂದು ಅಬುಲ್ ಕಾಸಿಂ ಹೇಳುತ್ತಾನೆ. ಬೆಳ್ಳಿ, ತಾಮ್ರಗಳ ಅಯಾನುಗಳು ಮೆದುವಾದ ಗಾಜುಲೇಪದೊಳಗೆ ಇಳಿದು ಸೋಡಿಯಂ, ಪೊಟ್ಯಾಸಿಯಂಗಳ ಜಾಗ ಹಿಡಿಯುತ್ತವೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಲ್ಲಿಯೇ ಅವನ್ನು ಲೋಹವಾಗಿಸುತ್ತದೆ. ಹೀಗೆ ಹುಟ್ಟುವ ನ್ಯಾನೋಕಣಗಳ ಪದರದ ಮೇಲೆ ಬೆಳಕು ಬಿದ್ದಾಗ, ನೇರವಾಗಿ ನೋಡಿದರೆ ಕಂದಾಗಿರುವ ಗೆರೆ ಓರೆಯಿಂದ ಹೊನ್ನಾಗುತ್ತದೆ. ಹೊಗೆ ಸಾಲದಿದ್ದರೆ ಬಣ್ಣ ಪೇಲವ, ಮಿತಿಮೀರಿದರೆ ಕಪ್ಪು. ತಣಿದ ಹೆಂಚಿನ ಮೇಲೆ ಸುಟ್ಟ ಮಸಿ ಕೂತಿರುವುದರಿಂದ ಒದ್ದೆ ಮಣ್ಣಿನಿಂದ ಉಜ್ಜುವವರೆಗೂ ಹೊಳಪು ಕಾಣದು. ಕಣ್ಣಿಗೆ ಕಾಣದ ಕಣಗಳನ್ನು ಶಾಖ ಮತ್ತು ಹೊಗೆಯ ಅಳತೆಯಿಂದಲೇ ಹತೋಟಿಯಲ್ಲಿಟ್ಟ ಈ ಕುಂಬಾರರು ಅಸಾಧಾರಣ ರಸಾಯನಜ್ಞರು.

ಗೋಡೆಯ ಮೇಲೆ ಎಂಟು ಮೂಲೆಯ ನಕ್ಷತ್ರ ಹೆಂಚುಗಳ ನಡುವೆ ಶಿಲುಬೆಯಾಕಾರದವು ಕೂರುತ್ತಿದ್ದವು. ಅಂಚಿನಲ್ಲಿ ಕುರಾನಿನ ವಾಕ್ಯಗಳೋ ಪಾರಸಿ ಪದ್ಯಗಳೋ ಇರುತ್ತಿದ್ದವು. 1270ರ ದಶಕದ ತಖ್ತ್-ಎ-ಸುಲೈಮಾನ್ ಅರಮನೆಯಲ್ಲಿ ಮಂಗೋಲ್ ದೊರೆ ಅಬಾಕಾನಿಗಾಗಿ ಚೀನೀ ಡ್ರ್ಯಾಗನ್‌ಗಳೂ ಸೇರಿಕೊಂಡವು. ವರಾಮೀನಿನ ಇಮಾಮ್‌ಜಾದೆ ಯಾಹ್ಯಾ ಸಮಾಧಿಮಂದಿರದ 1262ರ ಹೆಂಚುಗಳನ್ನು 19ನೇ ಶತಮಾನದಲ್ಲಿ ಕಿತ್ತು ಮಾರಿದರು. ಅವು ಹಲವು ದೇಶಗಳ ಸಂಗ್ರಹಾಲಯಗಳಿಗೆ ಚದುರಿವೆ. ಅಬೂ ತಾಹಿರ್ ಮನೆತನದ ಅಲಿ 1265ರಲ್ಲಿ ಆ ಸಮಾಧಿಮಂದಿರಕ್ಕೆಂದೇ ಮಾಡಿದ ಮಿಹ್ರಾಬ್ (ಮೆಕ್ಕಾದ ದಿಕ್ಕು ತೋರುವ ಗೋಡೆಗೂಡು) ಈಗ ಹವಾಯಿಯ ಹೊನೊಲುಲುವಿನಲ್ಲಿದೆ.