ಕರಾರಿನ ಮೇಜಿಗೊಂದು ಲೆಕ್ಕದ ತಂತ್ರಾಂಶ

ಸಿಮೆಂಟ್ ಕಾರ್ಖಾನೆಯ ಕಾರ್ಮಿಕನಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಹೆಚ್ಚಳ ಸಿಕ್ಕಿತು ಅನ್ನೋಣ. ಅದು ಮೂಲ ವೇತನಕ್ಕೆ ಸೇರಿದರೆ ಒಂದು ಲೆಕ್ಕ, ಮನೆ ಬಾಡಿಗೆ ಭತ್ಯೆಯಾಗಿ ಬಂದರೆ ಇನ್ನೊಂದು. ಮೂಲ ವೇತನಕ್ಕೆ ಸೇರಿತೆಂದರೆ, ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟುವ ಕಡೆ ಕಂಪನಿಯ ಪಾಲು ಶೇ 12ರಂತೆ ತಿಂಗಳಿಗೆ 120 ರೂಪಾಯಿ ಏರುತ್ತದೆ. ಗ್ರಾಚ್ಯುಟಿಗೆ ಆ ಸಾವಿರವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. 20 ವರ್ಷ ದುಡಿದವನ ಕೈಗೆ ನಿವೃತ್ತಿಯ ದಿನ 11,538 ರೂಪಾಯಿ ಹೆಚ್ಚು ಬರುತ್ತದೆ. ಬಾಡಿಗೆ ಭತ್ಯೆಯಾದರೆ ಇದ್ಯಾವುದೂ ಇಲ್ಲ. ಈಗಿನ ವೇತನ ಸಂಹಿತೆ ಬೇರೆ, ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಹಿಡಿಯುತ್ತದೆ. ಅಲ್ಲಿಗೆ ಲೆಕ್ಕ ಮತ್ತೆ ತಿರುಗಿತು.

ಕಂಪನಿಯೂ ಕಾರ್ಮಿಕ ಸಂಘವೂ ಸಹಿ ಹಾಕುವ ಸಿಮೆಂಟ್ ವೇತನ ಕರಾರಿನಲ್ಲಿ ಇಂಥ ಸಾಲುಗಳು ಹತ್ತಾರು: ಪಾಳಿ ಭತ್ಯೆ, ಕ್ಯಾಂಟೀನ್ ದರ, ಸಮವಸ್ತ್ರ, ಬೂಟು, ಸಾಬೂನು. ತುಟ್ಟಿಭತ್ಯೆ ಗ್ರಾಹಕ ಬೆಲೆ ಸೂಚ್ಯಂಕದ ಪಾಯಿಂಟ್‌ಗಳ ಮೇಲೆ ಏರಿಳಿಯುತ್ತದೆ. 2020ರಲ್ಲಿ ಆ ಸೂಚ್ಯಂಕದ ಆಧಾರ ವರ್ಷ 2001ರಿಂದ 2016ಕ್ಕೆ ಬದಲಾಯಿತು; ಹೊಸದನ್ನು ಹಳೆಯದಕ್ಕೆ ತಾಳೆ ಮಾಡಲು 2.88ರಿಂದ ಗುಣಿಸಬೇಕು. ಹಳೆಯ ಪಾಯಿಂಟಿಗೆ ಇಷ್ಟು ಎಂದು ಬರೆದ ದರವನ್ನು ಯಾರಾದರೂ ಗಮನಿಸದೆ ಹೊಸ ಪಾಯಿಂಟಿಗೆ ಅನ್ವಯಿಸಿದರೆ ಏರಿಕೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ, ಎಲ್ಲರೂ ದಣಿದು ಸಹಿಗೆ ಪೆನ್ನು ತೆಗೆದ ಹೊತ್ತಿನಲ್ಲಿ, ಇದನ್ನು ಹಿಡಿಯುವವರು ಯಾರು?

ಹಿಡಿಯುವ ಶಕ್ತಿ ಎರಡೂ ಕಡೆ ಸಮನಾಗಿಲ್ಲ ಎಂಬುದೇ ಕಲಬುರಗಿ ಜಿಲ್ಲೆಯ ಸುಣ್ಣದಕಲ್ಲಿನ ಪಟ್ಟಿಯ ಸಿಮೆಂಟ್ ಕಾರ್ಖಾನೆಗಳ ಸಮಸ್ಯೆ. ನಿಜಾಮರ ಕಾಲದ ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಒಂದಾಗಿ ಎಸಿಸಿಯಾದ ಹತ್ತು ಕಂಪನಿಗಳಲ್ಲಿ ಒಂದು. ವಾಡಿಯ ಕಾರ್ಖಾನೆ 1968ರದು. 2022ರಲ್ಲಿ ಎಸಿಸಿ ಅದಾನಿ ಸಮೂಹದ ಪಾಲಾಯಿತು. 2025ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್ ಸಿಮೆಂಟ್ ಕೂಡ ಅದೇ ಮನೆ ಸೇರಿತು. ಮಳಖೇಡದ ರಾಜಶ್ರೀ ಸಿಮೆಂಟ್ ಮೊದಲಿನಿಂದ ಬಿರ್ಲಾ ಸಮೂಹದ್ದು. 2025ರಲ್ಲಿ ಸೇಡಂನ ವಾಸವದತ್ತಾ ಕೂಡ ಆ ಸಮೂಹದ ಅಲ್ಟ್ರಾಟೆಕ್ ಆಯಿತು. ಚಿಂಚೋಳಿಯ ಛತ್ರಸಾಲದ ಕಾರ್ಖಾನೆ ಫ್ರಾನ್ಸ್‌ನ ವಿಕಾ ಕಂಪನಿಯದು. ಹೀಗೆ ಮೇಜಿನ ಒಂದು ಕಡೆ ಕೂತ ಕಂಪನಿಯವರ ಬಳಿ ಹಲವು ಘಟಕಗಳ ವೇತನ ವೆಚ್ಚ ಒಂದೇ ಪರದೆಯ ಮೇಲಿರುತ್ತದೆ. ಇನ್ನೊಂದು ಕಡೆ ಇರುವುದು ಹಳೆಯ ಕರಾರುಗಳ ಝೆರಾಕ್ಸ್ ಫೈಲು ಮತ್ತು ಹಿರಿಯ ಮುಖಂಡರೊಬ್ಬರ ನೆನಪು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿ, ಪಾಲುದಾರಿಕೆ, ಹಂಚಿಕೆಯ ಲೆಕ್ಕಗಳನ್ನು ಬಿಡಿಸಿ ತೋರಿಸಿದ್ದ. ಆ ಅಮೋಘವರ್ಷನ ರಾಜಧಾನಿ ಇದೇ ಮಳಖೇಡ. ಅಂಥ ಊರಿನ ಪಕ್ಕದ ಕಾರ್ಮಿಕರಿಗೆ ಲೆಕ್ಕ ಎದುರು ಪಕ್ಷದ ಆಸ್ತಿಯಾಗಿ ಉಳಿಯಬಾರದು.

ಲೆಕ್ಕ ಇಬ್ಬರದೂ ಆದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ, ಅದೂ ಗಣಿಗಾರಿಕೆಯದೇ. 1970ರ ದಶಕದಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಸಮ್ಮೇಳನದಲ್ಲಿ ಆಳಸಮುದ್ರದ ಗಣಿಗಳ ಶುಲ್ಕದ ಪ್ರಶ್ನೆ ಬಂತು. ಅಭಿವೃದ್ಧಿಶೀಲ ದೇಶಗಳ ಪರವಾಗಿ ಭಾರತ ಪ್ರತಿ ಗಣಿಗೆ ಆರಂಭದಲ್ಲೇ 6 ಕೋಟಿ ಡಾಲರ್ ಕೇಳಿತು. ಆರಂಭಿಕ ಶುಲ್ಕವೇ ಬೇಡ ಎಂದಿತು ಅಮೆರಿಕ. ಆಗ ಎಂಐಟಿಯ ತಂಡವೊಂದು ಸಿದ್ಧಪಡಿಸಿದ್ದ ಕಂಪ್ಯೂಟರ್ ಮಾದರಿ ಮೇಜಿಗೆ ಬಂತು. ಆದಾಯ ಶುರುವಾಗುವ ಐದು ವರ್ಷ ಮೊದಲೇ ಅಷ್ಟು ಹಣ ಕಟ್ಟಬೇಕಾದರೆ ಗಣಿಯೇ ನಡೆಯದು ಎಂದು ಅದು ಭಾರತಕ್ಕೆ ತೋರಿಸಿತು. ಸ್ವಲ್ಪ ಶುಲ್ಕ ತೆತ್ತರೂ ಗಣಿ ನಡೆದೀತು ಎಂದು, ಅದುವರೆಗೆ ಗಣಿ ಕಂಪನಿಗಳ ಮಾತನ್ನೇ ನಂಬಿಕೊಂಡಿದ್ದ ಅಮೆರಿಕಕ್ಕೂ ತೋರಿಸಿತು. ಇಬ್ಬರೂ ಪಟ್ಟು ಸಡಿಲಿಸಿದರು. ಆ ಯಂತ್ರ ಯಾರಿಗೂ ಸಲಹೆ ಕೊಟ್ಟಿರಲಿಲ್ಲ. ‘ಹೀಗೆ ಮಾಡಿದರೆ ಏನಾದೀತು’ ಎಂಬ ಪ್ರಶ್ನೆಗೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟಿತ್ತು, ಅಷ್ಟೇ.

ವಾಡಿ, ಸೇಡಂಗಳಿಗೆ ಬೇಕಿರುವುದು ಅಂಥದೇ ಸಾಧನ, ಮೊಬೈಲಿನಲ್ಲಿ, ಕನ್ನಡದಲ್ಲಿ. ಅದರಲ್ಲಿ ಎರಡು ಪುಟವಿರಲಿ. ಹಿಂದಿನ ಕರಾರುಗಳ ಸಾಲುಗಳು, ಸೂಚ್ಯಂಕ, ಪ್ರತಿ ಪ್ರಸ್ತಾವದಿಂದ ಕಂಪನಿಗೆ ಬೀಳುವ ಹೊರೆ, ಹೊಸಬನಿಗೂ ನಿವೃತ್ತಿಯ ಹೊಸ್ತಿಲಲ್ಲಿ ಇರುವವನಿಗೂ ಸಿಗುವ ಮೊತ್ತ — ಇಷ್ಟು ಇಬ್ಬರೂ ನೋಡುವ ಪುಟದಲ್ಲಿ. ಎಲ್ಲಿಯವರೆಗೆ ಬಗ್ಗಬಹುದು, ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಪಡೆಯಬಹುದು ಎಂಬುದು ಆಯಾ ಪಕ್ಷದ ಗುಟ್ಟಿನ ಪುಟದಲ್ಲಿ. ಈ ಗುಟ್ಟು ಯಾವ ಸರ್ವರ್‌ಗೂ ಹೋಗದೆ ಫೋನಿನಲ್ಲೇ ಉಳಿಯಬೇಕು. ಸೋರುವ ಅನುಮಾನ ಒಮ್ಮೆ ಹುಟ್ಟಿದರೆ ಯಾವ ಮುಖಂಡನೂ ಅದರಲ್ಲಿ ನಿಜ ಬರೆಯುವುದಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಶುರುವಾದ ‘ಇನ್‌ಸ್ಪೈರ್’ ಸಂಧಾನ ವ್ಯವಸ್ಥೆಯಿಂದ ಒಂದು ಗುಣ ಎರವಲು ಪಡೆಯಬಹುದು: ಒಪ್ಪಂದವಾದ ಮೇಲೂ, ಇಬ್ಬರಿಗೂ ಇದಕ್ಕಿಂತ ಲಾಭದ ಜೋಡಣೆ ಇದ್ದರೆ ಅದು ತೋರಿಸುತ್ತಿತ್ತು.

ನನ್ನ ದೃಷ್ಟಿಯಲ್ಲಿ ಸಾಧನದ ನಿಜವಾದ ಪರೀಕ್ಷೆ ಮಾತುಕತೆಯ ಕೋಣೆಯಲ್ಲಲ್ಲ, ಗೇಟ್ ಮೀಟಿಂಗ್‌ನಲ್ಲಿ. ಸಹಿ ಹಾಕಿ ಬಂದ ಮುಖಂಡ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಹೇಳಬೇಕು. ‘ನಂಗೆಷ್ಟು ಬಂತು?’ ಎಂಬ ಒಂದೇ ಪ್ರಶ್ನೆ ನೂರು ಬಾಯಿಂದ ಬರುತ್ತದೆ. ಉತ್ತರ ತಡವರಿಸಿದರೆ ‘ಮಾರಿಕೊಂಡ’ ಎಂಬ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ; ಪ್ರಾಮಾಣಿಕರೂ ಹೀಗೆ ಹೆಸರು ಕೆಡಿಸಿಕೊಳ್ಳುತ್ತಾರೆ. ಪ್ರತಿ ದರ್ಜೆಯ ಕಾರ್ಮಿಕನಿಗೆ ಕೈಗೆ ಬರುವುದೆಷ್ಟು, ಮುಂದಕ್ಕೆ ಕೂಡುವುದೆಷ್ಟು ಎಂಬ ಒಂದು ಪುಟದ ಕನ್ನಡ ಚೀಟಿಯನ್ನು ತಂತ್ರಾಂಶ ಅಲ್ಲೇ ತೆಗೆದುಕೊಡಬೇಕು.

ಇನ್ನು ಕಣ್ಣಿಗೆ ಬೀಳದ ಸಾಲು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಕಾರ್ಖಾನೆಯಲ್ಲಿ ಹಲವು ಸಂಘಗಳಿದ್ದರೆ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರ ಪೈಕಿ ಶೇ 51ರ ಬೆಂಬಲವಿರುವ ಸಂಘವೊಂದೇ ಮಾತುಕತೆಗೆ ಕೂರುತ್ತದೆ. ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ 20ರ ಬೆಂಬಲದ ಲೆಕ್ಕದಲ್ಲಿ ಮಾತುಕತೆಯ ಮಂಡಳಿ ಕಟ್ಟಬೇಕು. ಆದರೆ ಪ್ಯಾಕಿಂಗ್ ವಿಭಾಗದಲ್ಲಿ ದೂಳು ಕುಡಿಯುವ, ಲೋಡಿಂಗ್ ಮಾಡುವ ಗುತ್ತಿಗೆ ಕಾರ್ಮಿಕನ ಹೆಸರು ಇರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಅವನ ಕೂಲಿ, ಅವನ ಬೂಟು, ಅವನ ಪಿಎಫ್ ಕರಾರಿನ ಯಾವ ಪುಟದಲ್ಲೂ ಬಾರದೆ ಕರಾರಿನ ನಾಲ್ಕು ವರ್ಷ ಕಳೆದುಹೋಗಬಹುದು. ತಂತ್ರಾಂಶ ಬರೆಯುವವರು ಈ ಒಂದು ನಿಯಮವನ್ನು ಕೋಡ್‌ನಲ್ಲೇ ಕೂರಿಸಬೇಕು: ಗುತ್ತಿಗೆ ಕಾರ್ಮಿಕರ ಸಾಲುಗಳು ಖಾಲಿ ಇರುವತನಕ ‘ಒಟ್ಟು ಕೂಲಿ ವೆಚ್ಚ’ ಎಂಬ ಅಂಕಿ ಪರದೆಯ ಮೇಲೆ ಮೂಡಬಾರದು.