ಹಳ್ಳಿ ಡಾಕ್ಟರ ಕೋಣೆಯೇ ಪಾಠಶಾಲೆ

ಮಗುವಿಗೆ ಮೂರು ದಿನದಿಂದ ಜ್ವರ. ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತೀರಿ. ಒಳಗೆ ಕಾಲಿಟ್ಟರೆ ಪರಿಚಯದ ಡಾಕ್ಟರಿಲ್ಲ. ನಿನ್ನೆ ಮೊನ್ನೆ ಕಾಲೇಜು ಸೇರಿದಂತೆ ಕಾಣುವ ಹುಡುಗನೊಬ್ಬ ಸ್ಟೆತಾಸ್ಕೋಪ್ ಹಿಡಿದು ಕೂತಿದ್ದಾನೆ. "ಅಯ್ಯೋ, ಇವನೇನು ನೋಡ್ತಾನೆ!" ಎಂದು ನಿಮ್ಮ ಎದೆ ಧಸಕ್ಕೆನ್ನುತ್ತದೆ, ಅಲ್ಲವೇ?

ಆಸ್ಟ್ರೇಲಿಯಾದ ಹಳ್ಳಿಗಾಡಿನ ತಾಯಂದಿರಿಗೆ ಇಂಥ ಎಳೆಯ ಮುಖಗಳು ಹೊಸದಲ್ಲ. ಆ ದೇಶ ನಮ್ಮ ಭಾರತದ ಎರಡು ಪಟ್ಟಿಗಿಂತಲೂ ದೊಡ್ಡದು. ಜನಸಂಖ್ಯೆಯೋ, ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ. ಊರಿಂದೂರಿಗೆ ದೂರ. ಡಾಕ್ಟರುಗಳಿಗೆ ಮಾತ್ರ ಪಟ್ಟಣವೇ ಬೇಕು. ಈ ರೋಗ ನಮಗೂ ಗೊತ್ತಿರುವುದೇ ಬಿಡಿ! ಓದುವಾಗಲೇ ಹಳ್ಳಿಯಲ್ಲಿಟ್ಟರೆ ಮುಂದೆ ಕೆಲವರಾದರೂ ಅಲ್ಲೇ ನಿಂತಾರು ಎಂದು ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ಒಂದು ಪ್ರಯೋಗ ಮಾಡಿತು. ಅಡಿಲೇಡ್ ನಗರದಿಂದ ಇನ್ನೂರು ಕಿಲೋಮೀಟರಿಗೂ ಆಚೆ, ಮರ್ರೆ ನದಿಯ ದಡದಲ್ಲಿ, ಕಿತ್ತಳೆ-ದ್ರಾಕ್ಷಿ ತೋಟಗಳ ರಿವರ್‌ಲ್ಯಾಂಡ್ ಸೀಮೆಗೆ ಮೂರನೇ ವರ್ಷದ ಎಂಟು ವಿದ್ಯಾರ್ಥಿಗಳನ್ನು ಇಡೀ ವರ್ಷಕ್ಕೆ ಕಳಿಸಿತು. ದೊಡ್ಡಾಸ್ಪತ್ರೆಯ ವಾರ್ಡಿಲ್ಲ, ಊರ ಡಾಕ್ಟರ ಕೋಣೆಯೇ ಶಾಲೆ.

"ಹುಡುಗರ ಓದು ಹಾಳಾಯ್ತು" ಅಂತ ಗೊಣಗಿದವರೂ ಇದ್ದಿರಬೇಕು. ಆದರೆ ಪರೀಕ್ಷೆಯಲ್ಲಿ ಅವರು ನಗರದಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ, ಮುಂದೇ ಬಂದರು! ಕಾರಣ ಊಹಿಸುವುದು ಕಷ್ಟವಲ್ಲ. ಬಸುರಿಯನ್ನು ಮೊದಲ ತಪಾಸಣೆಯಲ್ಲಿ ಕಂಡ ವಿದ್ಯಾರ್ಥಿ ಹೆರಿಗೆಯಲ್ಲೂ ಇರಬಹುದು, ಆಮೇಲೆ ಆ ಕೂಸು ಸೂಜಿಗೆ ಬಂದಾಗ ಎತ್ತಿಯೂ ಆಡಿಸಬಹುದು. ವಾರ್ಡಿನಲ್ಲಿ ಆ ಭಾಗ್ಯವೆಲ್ಲಿ?

ಅಲ್ಲಿನ ಹಳ್ಳಿ ಕ್ಲಿನಿಕ್ಕುಗಳಲ್ಲಿ ಈಗ ವಿದ್ಯಾರ್ಥಿ ಒಬ್ಬನೇ ಇರುವುದಿಲ್ಲ. ಡಿಗ್ರಿ ಮುಗಿಸಿದ ಕಿರಿಯ ಡಾಕ್ಟರು, ಕುಟುಂಬ ವೈದ್ಯವೃತ್ತಿಗೆ ತರಬೇತಿ ಪಡೆಯುತ್ತಿರುವ ರಿಜಿಸ್ಟ್ರಾರು, ಎಲ್ಲರ ಮೇಲೆ ಹಿರಿಯ ಡಾಕ್ಟರು. ಎಷ್ಟೋ ಕಡೆ ಇವರೆಲ್ಲ ಒಟ್ಟಿಗೆ ಕೂತು ಕಲಿಯುತ್ತಾರೆ. ತುಂಬಿದ ಮನೆಯ ಹೋಳಿಗೆ ಹಾಗೆ ಅನ್ನಿ: ಅತ್ತೆ ಕಲಿಸಿದ್ದು ಹಿರಿಸೊಸೆಗೆ, ಹಿರಿಸೊಸೆ ತಿದ್ದುವುದು ಕಿರಿಸೊಸೆಯ ಕೈ. ತಾನು ಇತ್ತೀಚೆಗೆ ಎಡವಿದ್ದು ನೆನಪಿರುವವಳೇ ಎಷ್ಟೋ ಸಲ ಚೆನ್ನಾಗಿ ಹೇಳಿಕೊಡುತ್ತಾಳೆ. ಅತ್ತೆಗೂ ಸ್ವಲ್ಪ ಬಿಡುವು.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ವಿದ್ಯಾರ್ಥಿ ಬೇರೆ ಕೋಣೆಯಲ್ಲಿ ನಿಮ್ಮ ಕಥೆಯೆಲ್ಲ ಕೇಳಿ, ನಾಡಿ-ಎದೆ ನೋಡುತ್ತಾನೆ. ಅಷ್ಟರಲ್ಲಿ ಡಾಕ್ಟರು ಇನ್ನೊಬ್ಬ ರೋಗಿಯನ್ನು ಮುಗಿಸಿ ಬರುತ್ತಾರೆ. ನಿಮ್ಮೆದುರೇ ಅವನು ವರದಿ ಒಪ್ಪಿಸಬೇಕು. ತಪ್ಪಿದ್ದರೆ ಅಲ್ಲೇ ತಿದ್ದುಪಡಿ. ಔಷಧಿ ನಿರ್ಧಾರ ಡಾಕ್ಟರದೇ. ವಿದ್ಯಾರ್ಥಿ ನೋಡಬಹುದೇ ಎಂದು ಮೊದಲೇ ಕೇಳಬೇಕಾದ್ದು ನಿಯಮ. ಬೇಡವೆಂದರೆ ಚಿಕಿತ್ಸೆಗೇನೂ ಕುಂದಿಲ್ಲ. ಹೆಂಗಸರ ತೊಂದರೆ ಹೇಳಿಕೊಳ್ಳುವಾಗ ಈ ಒಂದು ಮಾತು ಎಷ್ಟು ದೊಡ್ಡದು, ನಿಮಗೇ ಗೊತ್ತು.

ಎಲ್ಲ ಸುಸೂತ್ರವೆಂದು ತಿಳಿಯಬೇಡಿ. ಕಲಿಸಲು ಕೂತರೆ ನೋಡುವ ರೋಗಿಗಳ ಸಂಖ್ಯೆ ಇಳಿಯುತ್ತದೆ, ಸಂಪಾದನೆಯೂ ಇಳಿಯುತ್ತದೆ. ಸರ್ಕಾರ ಕಲಿಸುವ ಕ್ಲಿನಿಕ್ಕುಗಳಿಗೆ ಸ್ವಲ್ಪ ಹಣ ಕೊಡುತ್ತದೆ. ವಿದ್ಯಾರ್ಥಿಗೆ ಕಬ್ಬಿಣದ ಕಡಲೆಯಾದದ್ದು ರಿಜಿಸ್ಟ್ರಾರಿಗೆ ಆಕಳಿಕೆ ತರಿಸುತ್ತದೆ. ಕೋಣೆಗಳೂ ಸಾಲವು. ಇಷ್ಟೆಲ್ಲ ಕಲಿತ ಡಾಕ್ಟರು ಆ ಊರಿನಲ್ಲಿ ನಿಲ್ಲುವುದು, ಬಿಡುವುದು ಎಷ್ಟೋ ಸಲ ಆಸ್ಪತ್ರೆಯಲ್ಲಿ ತೀರ್ಮಾನವಾಗುವುದಿಲ್ಲ, ಮನೆಯಲ್ಲಿ ಆಗುತ್ತದೆ: ಹೆಂಡತಿಗೋ ಗಂಡನಿಗೋ ಅಲ್ಲಿ ಕೆಲಸವುಂಟೇ, ಮಕ್ಕಳಿಗೆ ಒಳ್ಳೆಯ ಶಾಲೆಯುಂಟೇ? ನನ್ನ ಕೇಳಿದರೆ ಪಾಠದ ಜೊತೆಗೆ ಇದನ್ನೂ ಅಷ್ಟೇ ಗಂಭೀರವಾಗಿ ಯೋಚಿಸಬೇಕು.

ನಮ್ಮಲ್ಲೂ ಈಗ ಎಂ.ಡಿ., ಎಂ.ಎಸ್. ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವಿದೆ. ಹಾಗಾಗಿ ಹೊಸ ಮುಖ ಕಂಡರೆ ಗಾಬರಿಯಾಗಬೇಡಿ. "ನೀವು ಓದ್ತಾ ಇದ್ದೀರಾ? ದೊಡ್ಡ ಡಾಕ್ಟರು ಒಂದ್ಸಲ ನೋಡ್ತಾರಾ?" ಎಂದು ಕೇಳಲು ಸಂಕೋಚವೇಕೆ? ಮಗುವಿಗೆ ಜ್ವರ ಎಂದಿನಿಂದ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಹುಡುಗ ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.